ಸಂಘ-ಸಂಸ್ಥೆಗಳ ಅನುದಾನ ಪೋರ್ಟಲ್ ಹೊಸದಾಗಿ ಕಟ್ಟುತ್ತಿದ್ದೇವೆ: ಯುಎಕ್ಸ್ ಕೆಲಸ ಎಲ್ಲಿಂದ ಶುರು ಮಾಡಬೇಕು?

ಕಡತವಿನ್ಯಾಸ ಕೇಳಿದ ಪ್ರಶ್ನೆ

ರಾಜ್ಯ ಇಲಾಖೆಯೊಂದು ನೋಂದಾಯಿತ ಸಂಘ-ಸಂಸ್ಥೆಗಳಿಗೆ ಪ್ರತಿ ವರ್ಷ ಕೊಡುವ ಅನುದಾನದ ಪೋರ್ಟಲ್ಲನ್ನು ಹೊಸದಾಗಿ ಕಟ್ಟುವ ಕೆಲಸ. ಯುಎಕ್ಸ್, ಅಂದರೆ ಬಳಸುವವರಿಗೆ ಸುಲಭವಾಗುವಂತೆ ಪರದೆಗಳನ್ನು ವಿನ್ಯಾಸ ಮಾಡುವ ಭಾಗ ನಮ್ಮ ತಂಡದ್ದು. ಈಗ ನಡೆಯುವ ಕ್ರಮ ಹೀಗಿದೆ: ಸಂಸ್ಥೆ ಆನ್‌ಲೈನ್ ಅರ್ಜಿ ಹಾಕುತ್ತದೆ, ಜಿಲ್ಲಾ ಕಚೇರಿ ಪರಿಶೀಲಿಸುತ್ತದೆ, ಆಯ್ಕೆ ಸಮಿತಿ ಮೊತ್ತ ನಿಗದಿ ಮಾಡುತ್ತದೆ, ಮಂಜೂರಾತಿ ಆದೇಶ ಹೊರಡುತ್ತದೆ, ಎರಡು ಕಂತಿನಲ್ಲಿ ಹಣ ಹೋಗುತ್ತದೆ, ಕೊನೆಗೆ ಹಣ ಬಳಕೆ ಪ್ರಮಾಣಪತ್ರ ಬರಬೇಕು. ಆನ್‌ಲೈನ್ ಎಂದರೂ ಅರ್ಜಿಯನ್ನು ಮುದ್ರಿಸಿ, ಸಹಿ ಮಾಡಿ, ಮತ್ತೆ ಸ್ಕ್ಯಾನ್ ಮಾಡಿ ಏರಿಸಬೇಕು. ಮಂಜೂರಾದ ಮೇಲಿನದ್ದೆಲ್ಲ ಕಾಗದದಲ್ಲೇ.

ಅಭಿವೃದ್ಧಿ ತಂಡ ಮುಖಪುಟ ಮತ್ತು ಡ್ಯಾಶ್‌ಬೋರ್ಡ್‌ನ ಮಾದರಿ ತಂದಿದೆ. ನೋಡಲು ಚೆನ್ನಾಗಿದೆ, ಆದರೆ ಅರ್ಜಿದಾರರ ಗೋಳು ಅದರಿಂದ ಕಡಿಮೆಯಾಗುತ್ತದೆ ಅನ್ನಿಸುತ್ತಿಲ್ಲ. ಅರ್ಜಿದಾರರಲ್ಲಿ ಹಳ್ಳಿಯ ಯುವಕ ಸಂಘ, ಮಹಿಳಾ ಮಂಡಳಿ, ಯಕ್ಷಗಾನ ಮೇಳಗಳಿಂದ ಹಿಡಿದು ಬೆಂಗಳೂರಿನ ದೊಡ್ಡ ಟ್ರಸ್ಟ್‌ಗಳವರೆಗೆ ಇದ್ದಾರೆ. ಬಹಳಷ್ಟು ಅರ್ಜಿಗಳು ಗ್ರಾಮ ಒನ್ ಕೇಂದ್ರದಿಂದಲೋ ಸೈಬರ್ ಅಂಗಡಿಯಿಂದಲೋ ಬರುತ್ತವೆ. ಎಲ್ಲಿಂದ ಶುರು ಮಾಡಬೇಕು, ಯಾವುದನ್ನು ಕಾರ್ಯಾದೇಶದಲ್ಲೇ ಬರೆಸಬೇಕು, ಕನ್ನಡದ ವಿಷಯದಲ್ಲಿ ಏನೇನು ಕೈಕೊಡುತ್ತದೆ?

---

ನೇರಸೇವೆ ಉತ್ತರಿಸಿದ್ದು

ಮುಖಪುಟ ಕೊನೆಗಿರಲಿ. ಕಳೆದ ಸಾಲಿನಲ್ಲಿ ಮರಳಿಸಿದ, ತಿರಸ್ಕರಿಸಿದ ಅರ್ಜಿಗಳ ಮೇಲೆ ಕಚೇರಿಯವರು ಬರೆದ ಷರಾಗಳನ್ನು ತೆಗೆಸಿಕೊಳ್ಳಿ. ಮೂರು ಜಿಲ್ಲೆಯಿಂದ ಒಟ್ಟು ಇನ್ನೂರು ಸಿಕ್ಕರೆ ಸಾಕು. ಒಂದು ದೊಡ್ಡ ನಗರ, ಒಂದು ಗಡಿ ಜಿಲ್ಲೆ, ಒಂದು ಮಲೆನಾಡು ಇರಲಿ. ಕಾರಣಕ್ಕೆ ತಕ್ಕಂತೆ ಗುಂಪು ಮಾಡಿ. ಇಂಥ ವ್ಯವಸ್ಥೆಗಳಲ್ಲಿ ಏಳೆಂಟು ಕಾರಣಗಳೇ ಮತ್ತೆ ಮತ್ತೆ ಬರುತ್ತವೆ: ಲೆಕ್ಕಪರಿಶೋಧನಾ ವರದಿ ಬೇರೆ ವರ್ಷದ್ದು, ಬ್ಯಾಂಕ್ ಖಾತೆಯ ಹೆಸರಿಗೂ ನೋಂದಣಿಯ ಹೆಸರಿಗೂ ತಾಳೆ ಇಲ್ಲ, ಸ್ಕ್ಯಾನ್ ಓದಲಾಗುತ್ತಿಲ್ಲ, ನಡಾವಳಿ ಪ್ರತಿ ಇಲ್ಲ, ಹಿಂದಿನ ಅನುದಾನದ ಬಳಕೆ ಪ್ರಮಾಣಪತ್ರ ಬಾಕಿ. ಒಂದೊಂದು ಕಾರಣದ ಎದುರಿಗೂ ಒಂದೇ ಪ್ರಶ್ನೆ ಬರೆಯಿರಿ: ಅರ್ಜಿ ಕಳಿಸುವ ಮೊದಲೇ ಇದನ್ನು ಯಾವ ಪರದೆಯಲ್ಲಿ ತಡೆಯಬಹುದಿತ್ತು? ನಿಮ್ಮ ವಿನ್ಯಾಸದ ಕೆಲಸದ ಪಟ್ಟಿ ಅದೇ.

ಮೊದಲನೆಯದನ್ನೇ ಹತ್ತಿರದಿಂದ ನೋಡಿ. ಫಾರ್ಮಿನಲ್ಲಿ "ಲೆಕ್ಕಪರಿಶೋಧನಾ ವರದಿ ಅಪ್‌ಲೋಡ್ ಮಾಡಿ" ಎಂದಷ್ಟೇ ಇರುತ್ತದೆ. ಅರ್ಜಿ ಕರೆಯುವುದು ಜೂನ್‌ನಲ್ಲಿ. ಮಾರ್ಚ್ 31ಕ್ಕೆ ಮುಗಿದ ವರ್ಷದ ಆಡಿಟ್ ಸಣ್ಣ ಸಂಘಗಳಲ್ಲಿ ಅಷ್ಟರೊಳಗೆ ಆಗಿರುವುದಿಲ್ಲ. ಕೆಲವರು ಅದರ ಹಿಂದಿನ ವರ್ಷದ್ದು ಹಾಕುತ್ತಾರೆ, ಕೆಲವರು ಆಡಿಟ್ ಆಗದ ಜಮಾ-ಖರ್ಚು ಹಾಕುತ್ತಾರೆ, ಎರಡೂ ಮರಳಿ ಬರುತ್ತವೆ. ಯಾವ ವರ್ಷದ್ದು ಬೇಕೆಂದು ವ್ಯವಸ್ಥೆಗೆ ಗೊತ್ತಿದೆ, ಹಾಗಾಗಿ ಅದನ್ನು ಹೇಳಬೇಕಾದದ್ದು ವ್ಯವಸ್ಥೆಯೇ: "2023-24ರ ವರದಿ, ಅಂದರೆ 1 ಏಪ್ರಿಲ್ 2023ರಿಂದ 31 ಮಾರ್ಚ್ 2024ರವರೆಗಿನದು. ಲೆಕ್ಕಪರಿಶೋಧಕರ ಸಹಿ, ಮೊಹರು ಇರುವ ಪುಟ ಸೇರಿರಲಿ." ಪಕ್ಕದಲ್ಲೇ ಸರಿಯಾದ ವರದಿಯ ಮೊದಲ ಪುಟದ ಚಿಕ್ಕ ಮಾದರಿ ಇಡಿ. ಇದಕ್ಕೆ ಕೋಡ್ ಹೆಚ್ಚೇನೂ ಬೇಡ, ಆದರೆ ಮರಳುವ ಅರ್ಜಿಗಳ ದೊಡ್ಡದೊಂದು ರಾಶಿ ಇಲ್ಲೇ ಕರಗುತ್ತದೆ.

ಎರಡನೆಯದು ಲಾಗಿನ್. ಖಾತೆಯನ್ನು ಒಬ್ಬ ವ್ಯಕ್ತಿಯ ಮೊಬೈಲ್ ಸಂಖ್ಯೆಗೆ ಕಟ್ಟಿಹಾಕುವುದು ಸಂಘಗಳ ಪಾಲಿಗೆ ಮೂಲದಲ್ಲೇ ತಪ್ಪು. ಕಾರ್ಯದರ್ಶಿ ಬದಲಾಗುತ್ತಾರೆ, ಒಟಿಪಿ ಹಳೆಯ ಕಾರ್ಯದರ್ಶಿಗೆ ಹೋಗುತ್ತಲೇ ಇರುತ್ತದೆ, ಅವರು ಊರಲ್ಲಿರುವುದಿಲ್ಲ, ಇಲ್ಲವೇ ಹೊಸ ಆಡಳಿತ ಮಂಡಳಿಯ ಜೊತೆ ಮಾತೇ ಇರುವುದಿಲ್ಲ. ಆಗ ಸಂಘದವರು ಹೊಸ ಖಾತೆ ತೆರೆಯುತ್ತಾರೆ, ಒಂದೇ ಸಂಸ್ಥೆ ದತ್ತಾಂಶದಲ್ಲಿ ಎರಡು ಮೂರಾಗುತ್ತದೆ, ಹಳೆಯ ಬಾಕಿ ಕಣ್ಣಿಗೆ ಬೀಳುವುದೇ ಇಲ್ಲ. ಖಾತೆ ಸಂಸ್ಥೆಯದ್ದಾಗಿರಬೇಕು. ನೋಂದಣಿ ಸಂಖ್ಯೆ, ನೋಂದಣಿ ಕಚೇರಿ, ನೋಂದಣಿ ವರ್ಷ, ಈ ಮೂರೂ ಸೇರಿ ಅದರ ಗುರುತು. ಸಂಖ್ಯೆಯೊಂದನ್ನೇ ನಂಬಬೇಡಿ, ಬೇರೆ ಬೇರೆ ಜಿಲ್ಲೆಯಲ್ಲಿ ಅದೇ ಸಂಖ್ಯೆ ಇರಬಹುದು. ಅದರೊಳಗೆ ಕನಿಷ್ಠ ಇಬ್ಬರು ಪದಾಧಿಕಾರಿಗಳು. ಹಸ್ತಾಂತರಕ್ಕೆ ಎರಡು ದಾರಿ: ಹಳಬರು ಒಪ್ಪಿದರೆ ಒಟಿಪಿಯಲ್ಲೇ ಮುಗಿಯಲಿ; ಒಪ್ಪದಿದ್ದರೆ ಮಹಾಸಭೆಯ ನಡಾವಳಿ ಮತ್ತು ಸಂಘಗಳ ನೋಂದಣಾಧಿಕಾರಿಗೆ ಸಲ್ಲಿಸಿದ ಆಡಳಿತ ಮಂಡಳಿ ಪಟ್ಟಿ ಏರಿಸಲಿ, ಹಳಬರಿಗೆ ಏಳು ದಿನದ ನೋಟಿಸ್ ಹೋಗಲಿ, ಆಮೇಲೆ ಜಿಲ್ಲಾ ಕಚೇರಿ ಬದಲಿಸಲಿ. ಇದನ್ನು "ಎರಡನೇ ಹಂತದಲ್ಲಿ ನೋಡೋಣ" ಎಂದು ಮುಂದೂಡಲು ಬಿಡಬೇಡಿ. ಇದು ದತ್ತಾಂಶದ ಅಡಿಪಾಯ, ಮೇಲೆ ಕಟ್ಟಿದ ಮೇಲೆ ಬದಲಿಸುವುದು ಆಗದ ಮಾತು.

ಮೂರನೆಯದು ಅರ್ಹತೆ. ನಲವತ್ತು ಅಂಕಣ ತುಂಬಿದ ಮೇಲೆ "ನಿಮ್ಮ ಸಂಸ್ಥೆ ನೋಂದಣಿಯಾಗಿ ಮೂರು ವರ್ಷ ಆಗಿಲ್ಲ" ಎಂದು ಹೇಳುವುದು ಕ್ರೂರ. ಲಾಗಿನ್‌ಗೂ ಮೊದಲೇ ನಾಲ್ಕೈದು ಪ್ರಶ್ನೆಯಲ್ಲಿ ಅದು ತಿಳಿಯಲಿ. ಹಿಂದಿನ ಬಳಕೆ ಪ್ರಮಾಣಪತ್ರ ಬಾಕಿಯಿದ್ದರೆ ಲಾಗಿನ್ ಆದ ತಕ್ಷಣದ ಪರದೆಯಲ್ಲೇ ಯಾವ ವರ್ಷದ್ದು, ಎಷ್ಟು ಮೊತ್ತದ್ದು ಎಂಬುದರ ಜೊತೆ ಅಲ್ಲಿಂದಲೇ ಸಲ್ಲಿಸುವ ಗುಂಡಿಯೂ ಇರಲಿ.

ಇನ್ನೊಂದು, ಸಣ್ಣದಾದರೂ ಮುಖ್ಯ. ಖಾಲಿ ಅರ್ಜಿಯ ಪೂರ್ತಿ ಪಿಡಿಎಫ್ ಲಾಗಿನ್ ಇಲ್ಲದೆಯೇ ಸಿಗಬೇಕು. ಸಂಘಗಳಲ್ಲಿ ಅರ್ಜಿ ತುಂಬುವುದು ಒಬ್ಬರ ತೀರ್ಮಾನವಲ್ಲ. ಸಮಿತಿ ಸಭೆಯಲ್ಲಿ ಎಲ್ಲರ ಮುಂದಿಟ್ಟು ಅಂದಾಜು ವೆಚ್ಚ ಒಪ್ಪಿಸಿಕೊಂಡ ಮೇಲೆಯೇ ಯಾರೋ ಒಬ್ಬರು ಕಂಪ್ಯೂಟರ್ ಮುಂದೆ ಕೂರುತ್ತಾರೆ.

---

ಒತ್ತಕ್ಷರ ಉತ್ತರಿಸಿದ್ದು

ಕನ್ನಡದ ಭಾಗಕ್ಕೆ ನಾನು ಬರುತ್ತೇನೆ. ಇಲ್ಲಿನ ತೊಂದರೆಗಳು ಪರದೆಯ ಚಿತ್ರದಲ್ಲಿ ಕಾಣುವುದಿಲ್ಲ, ನಿಜವಾದ ಅರ್ಜಿ ಬಂದಾಗಲೇ ಎದ್ದು ಬರುತ್ತವೆ.

ಅಕ್ಷರ ಮಿತಿ. ಯುನಿಕೋಡ್ ಪಠ್ಯವನ್ನು ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಗೂ 3 ಬೈಟ್. "ಸ್ತ್ರೀ" ಓದುವವರಿಗೆ ಒಂದೇ ಅಕ್ಷರ. ಒಳಗೆ ಸ, ವಿರಾಮ, ತ, ವಿರಾಮ, ರ, ದೀರ್ಘ ಈ-ಕಾರ ಎಂದು 6 ಚಿಹ್ನೆ, 18 ಬೈಟ್. ಒರೇಕಲ್ ಎಂಬ ದತ್ತಾಂಶ ತಂತ್ರಾಂಶದಲ್ಲಿ ಅಂಕಣದ ಉದ್ದವನ್ನು ಪೂರ್ವನಿಯೋಜಿತವಾಗಿ ಬೈಟ್‌ನಲ್ಲಿ ಎಣಿಸಲಾಗುತ್ತದೆ. 4000 ಎಂದು ಕೊಟ್ಟ ಅಂಕಣದಲ್ಲಿ ಹಿಡಿಸುವುದು 1333 ಕನ್ನಡ ಚಿಹ್ನೆ ಮಾತ್ರ. ಬ್ರೌಸರ್ ಎಣಿಸುವುದು ಚಿಹ್ನೆಯ ಲೆಕ್ಕದಲ್ಲಿ, ಹಾಗಾಗಿ ಅದು "ಇನ್ನೂ 2000 ಬಾಕಿ" ಎನ್ನುತ್ತದೆ. ಸರ್ವರ್ ಉಳಿಸುವಾಗ ದೋಷ ಕೊಡುತ್ತದೆ. ಅರ್ಜಿದಾರರಿಗೆ ಕಾಣುವುದು "ಏನೋ ತಪ್ಪಾಗಿದೆ" ಎಂಬ ಒಂದು ಸಾಲು. ಅಂಕಣಗಳನ್ನು ಚಿಹ್ನೆಯ ಲೆಕ್ಕದಲ್ಲೇ ಕಟ್ಟಿಸಿ. ಇಂಗ್ಲಿಷ್‌ಗೆ 500 ಸಾಕೆನಿಸಿದ ಕಡೆ ಕನ್ನಡಕ್ಕೆ ದುಪ್ಪಟ್ಟು ಕೊಡಿ. ಎಸ್‌ಕ್ಯೂಎಲ್ ಸರ್ವರ್ ಆದರೆ ಹಳೆಯ ಬಗೆಯ ಅಂಕಣದಲ್ಲಿ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ, ಮತ್ತೆ ಹಿಂದಕ್ಕೆ ತರಲು ಬರುವುದಿಲ್ಲ.

ಒಂದೇ ಹೆಸರು, ಎರಡು ರೂಪ. ದೀರ್ಘ ಓ-ಕಾರವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎ-ಕಾರ, ಊ-ಕಾರ, ದೀರ್ಘ ಎಂದು ಮೂರು ತುಂಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ ಬೇರೆ. ದತ್ತಾಂಶದೊಳಗೆ ಹೋಗುವ ಎಲ್ಲ ಪಠ್ಯವನ್ನೂ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ತುಂಡುಗಳನ್ನು ಒಂದೇ ಚಿಹ್ನೆಯಾಗಿ ಕೂಡಿಸುವ ಯುನಿಕೋಡ್ ರೂಪಕ್ಕೆ ತನ್ನಿ. ಆಮೇಲೆ ಕಾಣದ ಜೋಡಕಗಳು. "ಟ್ರಸ್ಟ್‌ನ" ಎಂಬುದರಲ್ಲಿ ಶೂನ್ಯ ಅಗಲದ ಬಿಡಿಸುವ ಚಿಹ್ನೆ ಇದೆ, ಕೆಲವರು ಅದಿಲ್ಲದೆ ಟೈಪಿಸುತ್ತಾರೆ. ಹೋಲಿಸುವಾಗ ಅದನ್ನು ತೆಗೆದು ಹೋಲಿಸಿ. ಉಳಿಸುವಾಗ, ತೋರಿಸುವಾಗ ಮುಟ್ಟಬೇಡಿ. ಭದ್ರತೆಯ ಹೆಸರಿನಲ್ಲಿ ಅದೃಶ್ಯ ಚಿಹ್ನೆಗಳನ್ನೆಲ್ಲ ಕಿತ್ತುಹಾಕುವ ಫಿಲ್ಟರ್ ಹಾಕಿದರೆ "ರ‍್ಯಾಲಿ" ಹೋಗಿ "ರ್ಯಾಲಿ" ಆಗುತ್ತದೆ, ಮಂಜೂರಾತಿ ಆದೇಶದಲ್ಲೂ ಹಾಗೇ ಅಚ್ಚಾಗುತ್ತದೆ.

ನುಡಿ ತಂತ್ರಾಂಶದಿಂದ ಅಂಟಿಸುವುದು. ಸಂಘಗಳ ಬಳಿ ಇರುವ ಬೈಲಾ, ಯೋಜನಾ ವರದಿಗಳಲ್ಲಿ ಹೆಚ್ಚಿನವು ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪಾದವು. ಆ ಫಾಂಟ್‌ಗಳಲ್ಲಿ ಒಳಗಿರುವುದು ರೋಮನ್ ಸಂಕೇತ, ಕನ್ನಡ ಕಾಣುವುದು ಫಾಂಟಿನ ಬಲದಿಂದ. ಪೋರ್ಟಲ್‌ನ ಅಂಕಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಮಾಲೆ. "ಕನ್ನಡದಲ್ಲಿ ಮಾತ್ರ ಟೈಪಿಸಿ" ಎಂದು ಬೈಯುವ ಬದಲು ಗುರುತು ಹಿಡಿಯಿರಿ: ಕನ್ನಡ ಅಂಕಣದಲ್ಲಿ ತಲೆಯ ಮೇಲೆ ಗುರುತು ಹೊತ್ತ ರೋಮನ್ ಅಕ್ಷರಗಳು (À, É ಥರದವು) ದಟ್ಟವಾಗಿ ಕಂಡರೆ ಅದು ನುಡಿ ಪಠ್ಯವೇ. "ಇದು ಹಳೆಯ ನುಡಿ ಫಾಂಟಿನ ಬರಹದಂತಿದೆ, ಯುನಿಕೋಡ್‌ಗೆ ಬದಲಿಸಲೇ?" ಎಂದು ಕೇಳಿ, ಬದಲಿಸಿದ್ದನ್ನು ತೋರಿಸಿ, ಒಪ್ಪಿಗೆ ಪಡೆಯಿರಿ. ಪರಿವರ್ತಕಗಳು ಅರ್ಕಾವೊತ್ತಿನಲ್ಲಿ, ಅಂಕಿಗಳಲ್ಲಿ ಎಡವುತ್ತವೆ. ಹಾಗಾಗಿ ತಾನಾಗಿ ಬದಲಿಸಿ ಸುಮ್ಮನಾಗಬಾರದು.

ಪಿಡಿಎಫ್. ಅಕ್ಷರ ಜೋಡಣೆಯ ಎಂಜಿನ್ ಇಲ್ಲದ ಪಿಡಿಎಫ್ ಲೈಬ್ರರಿಗಳು ಒತ್ತಕ್ಷರವನ್ನು ಕೆಳಗೆ ಇಳಿಸುವುದಿಲ್ಲ, ಅಕ್ಷರಗಳನ್ನು ಬಿಡಿಬಿಡಿಯಾಗಿ ಸಾಲಿನಲ್ಲೇ ಜೋಡಿಸುತ್ತವೆ. ಮಂಜೂರಾತಿ ಆದೇಶ ಕಾನೂನು ದಾಖಲೆ, ಅದರಲ್ಲಿ ಸಂಸ್ಥೆಯ ಹೆಸರು ಮುರಿದುಬಿದ್ದರೆ ಬ್ಯಾಂಕಿನವರೇ ಒಪ್ಪುವುದಿಲ್ಲ. ಎಚ್‌ಟಿಎಂಎಲ್ ಪುಟವನ್ನು ಸರ್ವರ್‌ನಲ್ಲಿ ಕಿಟಕಿ ತೆರೆಯದೆ ಓಡುವ ಕ್ರೋಮ್ ಬ್ರೌಸರ್‌ನಿಂದ ಪಿಡಿಎಫ್ ಮಾಡಿಸುವುದು ಸುಲಭದ, ನಂಬಬಹುದಾದ ದಾರಿ. ಸರ್ವರ್‌ನಲ್ಲಿ ಕನ್ನಡ ಫಾಂಟ್ ಹಾಕಿರಬೇಕು, ಇಲ್ಲದಿದ್ದರೆ ಚೌಕಗಳು ಬರುತ್ತವೆ.

ಎಸ್‌ಎಂಎಸ್. ಕನ್ನಡ ಸಂದೇಶದ ಒಂದು ತುಂಡಿಗೆ 70 ಚಿಹ್ನೆ, ಒಂದಕ್ಕಿಂತ ಹೆಚ್ಚಾದರೆ ತುಂಡಿಗೆ 67. ಇಂಗ್ಲಿಷ್‌ಗೆ 160. ಸಂಸ್ಥೆಗಳು ಕಳಿಸುವ ಎಸ್‌ಎಂಎಸ್ ಮಾದರಿಗಳನ್ನು ನೋಂದಾಯಿಸುವ ಡಿಎಲ್‌ಟಿ ವ್ಯವಸ್ಥೆಯಲ್ಲಿ ದಾಖಲಿಸಿದ ಮಾದರಿಯಲ್ಲಿ ಬದಲಾಗುವ ಪ್ರತಿ ಭಾಗಕ್ಕೆ 30 ಚಿಹ್ನೆಯ ಮಿತಿಯೂ ಇದೆ. "ಶ್ರೀ ಚಾಮುಂಡೇಶ್ವರಿ ಗ್ರಾಮೀಣ ಮಹಿಳಾ ಮಂಡಳಿ" ಅದರಲ್ಲಿ ಹಿಡಿಸದು. ಸಂದೇಶದಲ್ಲಿ ಸಂಸ್ಥೆಯ ಹೆಸರು ಬಿಡಿ, ಅರ್ಜಿ ಸಂಖ್ಯೆ ಮತ್ತು ಮಾಡಬೇಕಾದ ಕೆಲಸ ಎರಡೇ ಇರಲಿ.

ಪರದೆ. ಅಕ್ಷರ ಗಾತ್ರ 17-18 ಪಿಕ್ಸೆಲ್, ಸಾಲಿನ ಎತ್ತರ ಗಾತ್ರದ 1.6ರಷ್ಟಾದರೂ ಇರಲಿ. ಇಂಗ್ಲಿಷ್‌ಗೆ ಅಳೆದ ಪೆಟ್ಟಿಗೆಯಲ್ಲಿ ಕನ್ನಡದ ಒತ್ತಕ್ಷರದ ತಳ ಕತ್ತರಿಸಿಹೋಗುತ್ತದೆ, ಗುಂಡಿಗಳಲ್ಲಿ ಇದು ಹೆಚ್ಚು. ಪುಟದ ಭಾಷಾ ಗುರುತನ್ನು ಕನ್ನಡ ಎಂದೇ ಹಾಕಿಸಿ. ಅದಿಲ್ಲದಿದ್ದರೆ ದೃಷ್ಟಿ ತೊಂದರೆಯಿರುವವರಿಗೆ ಪರದೆಯನ್ನು ಓದಿ ಹೇಳುವ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್‌ಗೆ ಕನ್ನಡ ಧ್ವನಿಗೆ ಬದಲಾಗಬೇಕೆಂದು ತಿಳಿಯುವುದಿಲ್ಲ. ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ, ಅಂದರೆ ಜಿಐಜಿಡಬ್ಲ್ಯು 3.0, ಹೇಗೂ ಜಾಲತಾಣ ಅಂಗವಿಕಲರಿಗೂ ಬಳಸಲು ಬರಬೇಕೆಂಬ ಅಂತರರಾಷ್ಟ್ರೀಯ ಮಾನದಂಡ ಡಬ್ಲ್ಯುಸಿಎಜಿ 2.1ರ ಎಎ ಮಟ್ಟ ಕೇಳುತ್ತದೆ. ಚಿತ್ರದ ಕ್ಯಾಪ್ಚಾ ಇಟ್ಟುಕೊಂಡು ಆ ಮಟ್ಟ ಮುಟ್ಟುವುದು ಕಷ್ಟ. ಒಟಿಪಿ ಇದ್ದ ಮೇಲೆ ಅದು ಬೇಕಾಗಿಯೂ ಇಲ್ಲ.

ಕಾರ್ಯಾದೇಶಕ್ಕೆ ಒಂದು ಪರೀಕ್ಷಾ ಪದಪಟ್ಟಿ ಲಗತ್ತಿಸಿ: ಸ್ತ್ರೀ, ಜ್ಯೋತ್ಸ್ನಾ, ಅರ್ಕಾವತಿ, ಕರ್ತೃ, ಲಕ್ಷ್ಮ್ಯಮ್ಮ, ರ‍್ಯಾಂಕ್, ಟ್ರಸ್ಟ್‌ನ. ಇವು ಅರ್ಜಿ, ಹುಡುಕಾಟ, ಪಟ್ಟಿ, ಎಕ್ಸೆಲ್, ಪಿಡಿಎಫ್, ಎಸ್‌ಎಂಎಸ್ ಆರರಲ್ಲೂ ಸರಿಯಾಗಿ ಬಂದರೆ ಮಾತ್ರ ಆ ಹಂತದ ಬಿಲ್ ಪಾವತಿ ಎಂದು ಬರೆಯಿಸಿ.

---

ಲೆಕ್ಕಶಾಖೆ ಉತ್ತರಿಸಿದ್ದು

ಮೇಲಿನವರಿಬ್ಬರೂ ಹೇಳಿದ್ದು ಸರಿ. ಹಣದ ಭಾಗವನ್ನು ಯುಎಕ್ಸ್‌ನವರು ಸಾಮಾನ್ಯವಾಗಿ "ಖಜಾನೆಗೆ ಸೇರಿದ್ದು" ಎಂದು ಬಿಟ್ಟುಬಿಡುತ್ತಾರೆ. ಅರ್ಜಿದಾರರು ಅತಿ ಹೆಚ್ಚು ಅಲೆಯುವುದು ಅಲ್ಲೇ.

ಬ್ಯಾಂಕ್ ವಿವರ. ವಿಜಯಾ ಬ್ಯಾಂಕ್ 1 ಏಪ್ರಿಲ್ 2019ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕ್ 1 ಏಪ್ರಿಲ್ 2020ರಂದು ಕೆನರಾದಲ್ಲಿ, ಅದೇ ದಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. 1 ಮೇ 2025ರಿಂದ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಗಿವೆ. ಕರಾವಳಿಯಲ್ಲಿ, ಹಳ್ಳಿಗಳಲ್ಲಿ ಸಂಘಗಳ ಪಾಸ್‌ಬುಕ್ಕಿನಲ್ಲಿ ಇಂದಿಗೂ ಹಳೆಯ ಐಎಫ್‌ಎಸ್‌ಸಿ ಇರುತ್ತದೆ. ಅದನ್ನು ತುಂಬಿದರೆ ಅರ್ಜಿ ದಾಟಿಹೋಗುತ್ತದೆ, ತಿಂಗಳುಗಳ ನಂತರ ಪಾವತಿ ಮರಳಿ ಬರುತ್ತದೆ. ಅಷ್ಟರಲ್ಲಿ ಮಾರ್ಚ್ ಮುಗಿದಿದ್ದರೆ ಆ ವರ್ಷದ ಹಣವೇ ವ್ಯಪಗತ, ಅಂದರೆ ಬಳಸಲು ಸಿಗದೆ ರದ್ದಾಗುತ್ತದೆ. ಕೋಡ್ ಟೈಪಿಸಿದ ಕ್ಷಣವೇ ಬ್ಯಾಂಕ್, ಶಾಖೆ, ಊರಿನ ಹೆಸರು ತೋರಿಸಿ. ಹಳೆಯ ಕೋಡ್ ಆದರೆ ಆಗಲೇ ಹೇಳಿ. ಕೋಡ್ 11 ಅಕ್ಷರದ್ದು, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ರೋಮನ್ 'ಓ' ಅಕ್ಷರ ಬಿದ್ದಿದ್ದರೆ ದೋಷ ತೋರಿಸದೆ ನೀವೇ ತಿದ್ದಿಬಿಡಿ.

ಖಾತೆ ಸಂಖ್ಯೆಯನ್ನು ಅಂಕಿಯಾಗಿ ಉಳಿಸಬಾರದು, ಪಠ್ಯವಾಗಿ ಉಳಿಸಬೇಕು. ಅಂಕಿಯಾದರೆ ಮುಂದಿನ ಸೊನ್ನೆಗಳು ಉದುರುತ್ತವೆ, ಎಕ್ಸೆಲ್‌ಗೆ ಇಳಿಸಿದಾಗ ಕೊನೆಯ ಅಂಕಿಗಳೂ ಹಾಳಾಗುತ್ತವೆ. ಒಂದು ರೂಪಾಯಿ ಕಳಿಸಿ ಖಾತೆ ಪರಿಶೀಲಿಸುವ ಸೌಲಭ್ಯ ಇದ್ದರೆ ಅರ್ಜಿ ಸಲ್ಲಿಸುವ ಮೊದಲೇ ಮಾಡಿ, ಮಂಜೂರಾದ ಮೇಲಲ್ಲ. ಬ್ಯಾಂಕಿನಿಂದ ಬರುವ ಹೆಸರು ಇಂಗ್ಲಿಷ್‌ನಲ್ಲಿರುತ್ತದೆ, ಕೆಲವೊಮ್ಮೆ ಮಧ್ಯದಲ್ಲೇ ಕಡಿದಿರುತ್ತದೆ. ನಮ್ಮ ಸಂಘಗಳ ಹೆಸರಿನ ಕೊನೆಯ "(ರಿ.)" ಪಾಸ್‌ಬುಕ್ಕಿನಲ್ಲಿ ಇರಬಹುದು, ಇಲ್ಲದಿರಬಹುದು. ಯಂತ್ರದ ಹೋಲಿಕೆಯಿಂದ ಅರ್ಜಿಯನ್ನು ತಿರಸ್ಕರಿಸಬೇಡಿ. ಎರಡು ಹೆಸರನ್ನೂ ಒಂದರ ಕೆಳಗೊಂದು ಇಟ್ಟು ಕಚೇರಿಯಲ್ಲಿ ಆ ಕಡತ ನೋಡುವ ವಿಷಯ ನಿರ್ವಾಹಕರಿಗೆ ತೋರಿಸಿ, ಅವರು ತೀರ್ಮಾನಿಸಲಿ.

ಬಳಕೆ ಪ್ರಮಾಣಪತ್ರವನ್ನು ಪಿಡಿಎಫ್ ಅಪ್‌ಲೋಡ್ ಆಗಿ ಬಿಡಬೇಡಿ, ಇದು ನನ್ನ ಗಟ್ಟಿ ಅಭಿಪ್ರಾಯ. ಕೇಂದ್ರದ ಅನುದಾನಕ್ಕೆ ಜಿಎಫ್‌ಆರ್ (ಸಾಮಾನ್ಯ ಹಣಕಾಸು ನಿಯಮಗಳು) 2017ರ ನಮೂನೆ 12-ಎ ಇದೆ. ನಿಯಮ 238ರ ಪ್ರಕಾರ ಹಣಕಾಸು ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಅದನ್ನು ಕೊಡಬೇಕು. ರಾಜ್ಯದ ಯೋಜನೆಗೆ ನಿಮ್ಮ ಮಂಜೂರಾತಿ ಆದೇಶದ ಷರತ್ತು ನೋಡಿ, ಆದರೆ ಲೆಕ್ಕದ ಒಡಲು ಒಂದೇ: ಆರಂಭದ ಶಿಲ್ಕು, ಬಂದ ಅನುದಾನ, ಬಡ್ಡಿ, ಖರ್ಚು, ಉಳಿಕೆ. ಮಂಜೂರಾದ ಮೊತ್ತ, ಆದೇಶದ ಸಂಖ್ಯೆ, ದಿನಾಂಕ, ಕಂತು ಜಮೆಯಾದ ದಿನ ಎಲ್ಲವೂ ವ್ಯವಸ್ಥೆಯಲ್ಲೇ ಇವೆ, ಅವನ್ನು ಮತ್ತೆ ಕೇಳುವುದು ಬೇಡ. ಅರ್ಜಿಯಲ್ಲಿ ಒಪ್ಪಿದ ಖರ್ಚಿನ ಬಾಬುಗಳನ್ನೇ ಸಾಲಾಗಿ ತೋರಿಸಿ. ಸಂಸ್ಥೆ ಪ್ರತಿ ಬಾಬಿಗೂ ನಿಜವಾದ ಖರ್ಚು ಬರೆದು ರಸೀದಿ ಹಾಕಲಿ. ಕೂಡುವುದು, ಕಳೆಯುವುದು ಯಂತ್ರದ ಕೆಲಸ. ಪ್ರಮಾಣಪತ್ರ ತಾನಾಗಿ ತಯಾರಾಗಲಿ, ಲೆಕ್ಕಪರಿಶೋಧಕರು ಸಹಿ ಮಾತ್ರ ಮಾಡಲಿ.

ಬಡ್ಡಿಯ ಸಾಲನ್ನು ಸಣ್ಣ ಸಂಘಗಳು ಖಾಲಿ ಬಿಡುತ್ತವೆ. "ಈ ಖಾತೆಗೆ ಈ ಅವಧಿಯಲ್ಲಿ ಬ್ಯಾಂಕ್ ಬಡ್ಡಿ ಹಾಕಿದೆಯೇ? ಪಾಸ್‌ಬುಕ್ಕಿನಲ್ಲಿ ನೋಡಿ" ಎಂದು ಹೌದು-ಇಲ್ಲ ಪ್ರಶ್ನೆಯಾಗಿ ಕೇಳಿ. ಮೊತ್ತ ಬರೆದ ಕೂಡಲೇ ಅದನ್ನೇ ಅಕ್ಷರದಲ್ಲಿ ತೋರಿಸಿ, ಅಲ್ಪವಿರಾಮ ನಮ್ಮ ಪದ್ಧತಿಯದ್ದೇ ಇರಲಿ: 2,50,000, ಎರಡು ಲಕ್ಷ ಐವತ್ತು ಸಾವಿರ ರೂಪಾಯಿ. ಒಂದು ಸೊನ್ನೆ ಹೆಚ್ಚು ಕಡಿಮೆಯಾಗುವುದು ಇದರಿಂದ ನಿಲ್ಲುತ್ತದೆ.

---

ಕಡತವಿನ್ಯಾಸ

ತುಂಬಾ ಉಪಯೋಗವಾಯಿತು. ಇನ್ನೂ ಮೂರು ಗೊಂದಲ. ಒಂದು ಪರದೆಗೆ ಒಂದೇ ಪ್ರಶ್ನೆ ಎಂಬ ಬ್ರಿಟನ್ ಸರ್ಕಾರದ ವಿನ್ಯಾಸ ಪದ್ಧತಿಯನ್ನು ನಮ್ಮವರು ಹಾಗೇ ತರಬೇಕೆನ್ನುತ್ತಾರೆ. ಎರಡನೆಯದು ಅಧಿಕಾರಿಗಳ ಪರದೆ: ಅವರು ಹಳೆಯದರಂತೆಯೇ ಇರಲಿ ಎನ್ನುತ್ತಿದ್ದಾರೆ. ಮೂರನೆಯದು, ಹಳೆಯ ದತ್ತಾಂಶವನ್ನು ಪೂರ್ತಿ ಹೊಸದಕ್ಕೆ ತರಬೇಕೆಂಬ ಒತ್ತಡವಿದೆ.

---

ನೇರಸೇವೆ

ಒಂದು ಪರದೆಗೆ ಒಂದೇ ಪ್ರಶ್ನೆ ಒಳ್ಳೆಯ ಪದ್ಧತಿಯೇ. ಫೋನಿನಲ್ಲಿ ಮೊದಲ ಸಲ ತುಂಬುವವರಿಗೆ ಅದೇ ಸರಿ, ತಪ್ಪು ಎಲ್ಲಾಯಿತೆಂದು ತಕ್ಷಣ ಗೊತ್ತಾಗುತ್ತದೆ, ಪ್ರತಿ ಪುಟ ದಾಟಿದಾಗಲೂ ಕರಡು ಉಳಿಯುತ್ತದೆ. ನಾನಾಗಿದ್ದರೆ ಅದನ್ನೇ ಇಡುತ್ತೇನೆ.

---

ಗ್ರಾಮಕೇಂದ್ರ ಉತ್ತರಿಸಿದ್ದು

ಇದನ್ನು ನಾನು ಒಪ್ಪುವುದಿಲ್ಲ. ಗ್ರಾಮ ಒನ್‌ನಲ್ಲಿ ತುಂಬುವ ಆಪರೇಟರ್ ದಿನಕ್ಕೆ ಹತ್ತಾರು ಬಗೆಯ ಅರ್ಜಿ ಹಾಕುತ್ತಾರೆ. ಎದುರಿಗೆ ಸಂಘದವರು ಕಡತ ಹಿಡಿದು ಕೂತಿರುತ್ತಾರೆ, ಹಿಂದೆ ಸಾಲಿರುತ್ತದೆ. ನಲವತ್ತು ಅಂಕಣಕ್ಕೆ ನಲವತ್ತು ಪುಟ ಎಂದರೆ ನಿಧಾನದ ನೆಟ್‌ವರ್ಕ್‌ನಲ್ಲಿ ನಲವತ್ತು ಸಲ ಕಾಯಬೇಕು. ಅವರಿಗೆ ಬೇಕಾದದ್ದು ಟ್ಯಾಬ್ ಕೀಲಿಯಿಂದ ಮೌಸ್ ಮುಟ್ಟದೆ ಸಾಗುವ ಉದ್ದನೆಯ ಪುಟ.

ನಡುದಾರಿ ಎಂದರೆ ಪ್ರಶ್ನೆಗಳನ್ನು ಕೈಯಲ್ಲಿರುವ ಕಾಗದಕ್ಕೆ ತಕ್ಕಂತೆ ಗುಂಪು ಮಾಡುವುದು. ನೋಂದಣಿ ಪ್ರಮಾಣಪತ್ರ ನೋಡಿ ತುಂಬುವುದೆಲ್ಲ ಒಂದು ಪುಟ, ಪಾಸ್‌ಬುಕ್ ನೋಡಿ ತುಂಬುವುದು ಇನ್ನೊಂದು, ಆಡಿಟ್ ವರದಿಯಿಂದ ತುಂಬುವುದು ಮತ್ತೊಂದು, ಕಾರ್ಯಕ್ರಮ ಮತ್ತು ಅಂದಾಜು ವೆಚ್ಚ ಕೊನೆಗೆ. ಐದಾರು ಪುಟದಲ್ಲಿ ಮುಗಿಯುತ್ತದೆ, ಕಾಗದವನ್ನು ಮತ್ತೆ ಮತ್ತೆ ಹುಡುಕುವುದು ತಪ್ಪುತ್ತದೆ. ಫೋನಿನಲ್ಲಿ ತುಂಬುವವರಿಗೂ ಇದು ಭಾರವಾಗುವುದಿಲ್ಲ.

ಆಪರೇಟರ್‌ಗೆ ಬೇರೆ ಲಾಗಿನ್ ಕೊಡಿ. ಇಲ್ಲದಿದ್ದರೆ ಒಟಿಪಿ ಬರಲೆಂದು ತಮ್ಮದೇ ಮೊಬೈಲ್ ಸಂಖ್ಯೆ ಹಾಕುತ್ತಾರೆ. ಆಮೇಲೆ ಮರಳಿದ ಅರ್ಜಿಯ ಸುದ್ದಿ ಸಂಘಕ್ಕೆ ತಲುಪುವುದೇ ಇಲ್ಲ, ಉತ್ತರಿಸುವ ಗಡುವು ಕಳೆದುಹೋಗುತ್ತದೆ. ಒಂದೇ ಸಂಖ್ಯೆ ಮೂರಕ್ಕಿಂತ ಹೆಚ್ಚು ಸಂಸ್ಥೆಗಳಲ್ಲಿ ಕಂಡರೆ "ಇದು ಸಂಘದ ಪದಾಧಿಕಾರಿಯ ಸಂಖ್ಯೆಯೇ?" ಎಂದು ಕೇಳಿ.

ಅಪ್‌ಲೋಡ್ ಮಿತಿ 200 ಕೆಬಿ ಎಂದು ಎಲ್ಲೆಲ್ಲೂ ಇರುತ್ತದೆ. ಫೋನಿನ ಒಂದು ಫೋಟೊ 3-5 ಎಂಬಿ. ಜನ ಅದನ್ನು ಕುಗ್ಗಿಸಲು ಯಾವುದೋ ಜಾಲತಾಣಕ್ಕೆ ಸಂಘದ ದಾಖಲೆ, ಪದಾಧಿಕಾರಿಗಳ ಆಧಾರ್ ಪ್ರತಿ ಎಲ್ಲ ಏರಿಸುತ್ತಾರೆ. ಕುಗ್ಗಿ ಬಂದ ಸ್ಕ್ಯಾನ್ ಓದಲಾಗದೆ ಮರಳುತ್ತದೆ. ಕುಗ್ಗಿಸುವುದು ಪೋರ್ಟಲ್‌ನ ಕೆಲಸ: ಬ್ರೌಸರ್‌ನಲ್ಲೇ ಉದ್ದದ ಬದಿ 1800 ಪಿಕ್ಸೆಲ್‌ಗೆ ಇಳಿಸಿ, ಜೆಪೆಗ್ ಗುಣಮಟ್ಟ 70ರ ಸುಮಾರಿಗೆ ಇಟ್ಟರೆ ಎ4 ಪುಟ ಸ್ಪಷ್ಟವಾಗಿ ಓದಬಹುದು. ಹಲವು ಪುಟದ ಬೈಲಾಗೆ ಒಂದಾದ ಮೇಲೊಂದು ಫೋಟೊ ತೆಗೆಯಲು ಬಿಡಿ, ಸರ್ವರ್ ಅವನ್ನು ಒಂದು ಪಿಡಿಎಫ್ ಮಾಡಲಿ. ಆಧಾರ್ ಪ್ರತಿ ನಿಜಕ್ಕೂ ಬೇಕೇ ಎಂದು ಇಲಾಖೆಯನ್ನು ಕೇಳಿ; ಅನುದಾನ ಹೋಗುವುದು ಸಂಸ್ಥೆಯ ಖಾತೆಗೆ.

ಕೊನೆಯ ದಿನದ ಬಗ್ಗೆ: ಗಡುವು ಮಧ್ಯರಾತ್ರಿ 11:59ಕ್ಕೆ ಬೇಡ. ಕೆಲಸದ ದಿನ ಸಂಜೆ 5ಕ್ಕೆ ಇಡಿ, ಸಹಾಯವಾಣಿ ಎತ್ತುವವರಿರುತ್ತಾರೆ. ಆ ಹೊತ್ತಿಗೆ ಅರ್ಧ ತುಂಬಿದ ಕರಡು ಇದ್ದವರಿಗೆ ಇನ್ನೆರಡು ಗಂಟೆ ಎಂದು ನಿಯಮದಲ್ಲೇ ಬರೆಯಿಸಿ.

---

ನೇರಸೇವೆ

ಕಾಗದಕ್ಕೆ ತಕ್ಕ ಗುಂಪು ನನ್ನ ಸಲಹೆಗಿಂತ ಉತ್ತಮ, ಅದನ್ನೇ ತೆಗೆದುಕೊಳ್ಳಿ.

ಅಧಿಕಾರಿಗಳ ಪರದೆಗೆ ಬಂದರೆ, ಹಳೆಯದರಂತೆಯೇ ಇರಲಿ ಎಂಬ ಮಾತಿನ ಹಿಂದೆ ಕಾರಣ ಇರುತ್ತದೆ. ಹಳೆಯ ಪಟ್ಟಿಯನ್ನು ಅವರು ಎಕ್ಸೆಲ್‌ಗೆ ಇಳಿಸಿ ಸಮಿತಿಗೆ ಕೊಡುವ ತಖ್ತೆ (ಕೋಷ್ಟಕ) ಮಾಡುತ್ತಾರೆ. ಹೊಸದರಲ್ಲಿ ಅದು ಹೋದೀತೆಂಬ ಭಯ. ಆ ತಖ್ತೆ ಈಗಿನ ಅಂಕಣಗಳ ಕ್ರಮದಲ್ಲೇ ಬರುವಂತೆ ಮೊದಲು ಮಾಡಿ ತೋರಿಸಿ, ಉಳಿದದ್ದಕ್ಕೆ ಬಾಗಿಲು ತೆರೆಯುತ್ತದೆ. ಪರಿಶೀಲನೆಯ ಪರದೆಯಲ್ಲಿ ಎಡಕ್ಕೆ ದಾಖಲೆ, ಬಲಕ್ಕೆ ಅರ್ಜಿದಾರರು ತುಂಬಿದ್ದು. ಪಿಡಿಎಫ್ ಇಳಿಸಿಕೊಂಡು ಬೇರೆ ಕಿಟಕಿಯಲ್ಲಿ ತೆರೆಯುವ ಕೆಲಸವೇ ಬೇಡ.

ಮರಳಿಸುವುದಕ್ಕೆ ಬರಿಯ ಷರಾ ಪೆಟ್ಟಿಗೆ ಸಾಲದು. ಅಂಕಣದ ಪಕ್ಕದಲ್ಲೇ ಕಾರಣ ಆರಿಸಲಿ, ಬೇಕಾದರೆ ಒಂದು ಸಾಲು ಸೇರಿಸಲಿ. ಎಲ್ಲ ಆಕ್ಷೇಪಣೆಗಳೂ ಒಂದೇ ಸಲ ಹೋಗಬೇಕು; ಎರಡನೇ ಬಾರಿ ಮರಳಿಸಲು ಮೇಲಧಿಕಾರಿಯ ಒಪ್ಪಿಗೆ ಬೇಕು ಎಂದಿಡಿ. ಅರ್ಜಿದಾರರು ತೆರೆದಾಗ ಆ ಅಂಕಣಗಳು ಮಾತ್ರ ತಿದ್ದಲು ಸಿಗಲಿ, ಉಳಿದವು ಮುಚ್ಚಿರಲಿ. ಇಲ್ಲದಿದ್ದರೆ ವಿಷಯ ನಿರ್ವಾಹಕರು ಇಡೀ ಅರ್ಜಿಯನ್ನು ಮತ್ತೆ ಮೊದಲಿಂದ ಓದಬೇಕಾಗುತ್ತದೆ.

ಲಾಗಿನ್ ಹುದ್ದೆಗೆ ಇರಲಿ, ವ್ಯಕ್ತಿಗಲ್ಲ. ವರ್ಗಾವಣೆಯಾದ ಅಧಿಕಾರಿಯ ಲಾಗಿನ್‌ನಲ್ಲಿ ಅರ್ಜಿಗಳು ಸಿಕ್ಕಿಕೊಳ್ಳುವುದಕ್ಕೆ ಇದೊಂದೇ ಮದ್ದು. ಯಾರು ಯಾವಾಗ ಒಪ್ಪಿದರು ಎಂಬ ದಾಖಲೆಯಲ್ಲಿ ಮಾತ್ರ ಹುದ್ದೆಯ ಜೊತೆ ವ್ಯಕ್ತಿಯ ಹೆಸರೂ ಉಳಿಯಬೇಕು.

ಮುದ್ರಿಸಿ ಸಹಿ ಮಾಡಿ ಸ್ಕ್ಯಾನ್ ಮಾಡುವ ಹಂತವನ್ನು ಆಧಾರ್ ಒಟಿಪಿ ಆಧಾರಿತ ಇ-ಸೈನ್‌ನಿಂದ ತೆಗೆಯಬಹುದು. ಆದರೆ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೂ ಒಂದೇ ಜಾಗದಲ್ಲಿ ಇರುತ್ತಾರೆಂದು ಎಣಿಸಬೇಡಿ. ಒಬ್ಬರು ಸಹಿ ಮಾಡಿದ ಮೇಲೆ ಇನ್ನೊಬ್ಬರಿಗೆ ಕೊಂಡಿ ಹೋಗಲಿ, ಮೂರು ದಿನ ಜೀವಂತ ಇರಲಿ. ಆಧಾರ್‌ಗೆ ಮೊಬೈಲ್ ಜೋಡಿಸದ ಹಿರಿಯ ಪದಾಧಿಕಾರಿಗಳಿಗಾಗಿ ಕಾಗದದ ಸಹಿಯ ದಾರಿಯೂ ಉಳಿಯಲೇಬೇಕು.

---

ಲೆಕ್ಕಶಾಖೆ

ದತ್ತಾಂಶದ ಬಗ್ಗೆ: ಪೂರ್ತಿ ತರಬೇಡಿ. ಹೊಸದಕ್ಕೆ ಬೇಕಾದದ್ದು ಎರಡೇ, ಸಂಸ್ಥೆಗಳ ಮೂಲಪಟ್ಟಿ ಮತ್ತು ಲೆಕ್ಕ ಮುಗಿಯದ ಅನುದಾನಗಳು. ಉಳಿದದ್ದನ್ನು ಓದಲು ಮಾತ್ರ ಸಿಗುವ ಕಡತಾಲಯದಲ್ಲಿಡಿ. ಆಡಿಟ್ ಕೇಳಿದಾಗ ತೆಗೆದು ಕೊಡಬಹುದು.

ಮೂಲಪಟ್ಟಿ ಶುದ್ಧ ಮಾಡುವಾಗ ಊರಿನ ಹೆಸರುಗಳು ಕಾಡುತ್ತವೆ. 2014ರ ನವೆಂಬರ್‌ನಲ್ಲಿ 12 ನಗರಗಳ ಹೆಸರು ಬದಲಾಯಿತು, ಹಳೆಯ ದಾಖಲೆಯಲ್ಲಿ ಗುಲ್ಬರ್ಗಾ, ಬಿಜಾಪುರ ಇರುತ್ತವೆ. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಜಿಲ್ಲೆ ಬೇರೆಯಾಯಿತು. ಹೊಸಪೇಟೆಯ ಸಂಘದ ನೋಂದಣಿ ಪತ್ರದಲ್ಲಿ ಬಳ್ಳಾರಿ ಎಂದಿದೆಯೆಂದು ಅರ್ಜಿ ಮರಳಿಸಬಾರದು. ಜಿಲ್ಲೆ, ತಾಲ್ಲೂಕು, ಗ್ರಾಮಕ್ಕೆ ಕೇಂದ್ರದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯ ಕೋಡ್ ಬಳಸಿ, ನೋಂದಣಿಯಾದಾಗಿನ ಜಿಲ್ಲೆ ಮತ್ತು ಈಗಿನ ಜಿಲ್ಲೆ ಎಂದು ಎರಡು ಬೇರೆ ಅಂಕಣ ಇಡಿ. ಒಂದೇ ಸಂಸ್ಥೆ ಎರಡು ಕಡೆ ಇದೆಯೆಂಬ ಅನುಮಾನ ಬಂದರೆ ಯಂತ್ರ ಪಟ್ಟಿ ಮಾಡಲಿ, ಜೋಡಿಸುವುದನ್ನು ಜಿಲ್ಲಾ ಕಚೇರಿ ಮಾಡಲಿ. ತಪ್ಪಾಗಿ ಜೋಡಿಸಿದರೆ ಒಬ್ಬರ ಬಾಕಿ ಇನ್ನೊಬ್ಬರ ತಲೆಗೆ ಬರುತ್ತದೆ.

ಬದಲಾವಣೆಯ ದಿನವನ್ನು ಜನವರಿಯಿಂದ ಮಾರ್ಚ್‌ವರೆಗೆ ಯಾವ ಕಾರಣಕ್ಕೂ ಇಡಬೇಡಿ. ಬಿಲ್ಲುಗಳೆಲ್ಲ ರಾಜ್ಯದ ಆನ್‌ಲೈನ್ ಖಜಾನೆ ವ್ಯವಸ್ಥೆಯಾದ ಖಜಾನೆ-2ಕ್ಕೆ ಹೋಗುವ ಕಾಲ ಅದು. ಏಪ್ರಿಲ್ ಕಳೆದು ಮೇ ತಿಂಗಳಲ್ಲಿ, ಹೊಸ ಅರ್ಜಿ ಕರೆಯುವ ಮುಂಚೆ, ಎರಡು ಜಿಲ್ಲೆಯಲ್ಲಿ ಒಂದೇ ಯೋಜನೆಯಿಂದ ಶುರು ಮಾಡಿ. ಹಳೆಯ ಸಾಲಿನ ಅನುದಾನ ಹಳೆಯದರಲ್ಲೇ ಮುಗಿಯಲಿ. ಒಂದು ಅನುದಾನದ ಮೊದಲ ಕಂತು ಒಂದು ಕಡೆ, ಎರಡನೆಯದು ಇನ್ನೊಂದು ಕಡೆ ಆದರೆ ತಾಳೆ ಹಾಕಲು ಆಗುವುದಿಲ್ಲ.

ಶುರು ಮಾಡುವ ಮುನ್ನ ಈಗಿನ ಮೂರು ಅಂಕಿ ಬರೆದಿಟ್ಟುಕೊಳ್ಳಿ: ನೂರು ಅರ್ಜಿಗೆ ಎಷ್ಟು ಮರಳುತ್ತವೆ, ಮಂಜೂರಾತಿ ಆದೇಶದಿಂದ ಹಣ ಜಮೆಯಾಗಲು ಎಷ್ಟು ದಿನ, ಬಳಕೆ ಪ್ರಮಾಣಪತ್ರ ಗಡುವಿನೊಳಗೆ ಎಷ್ಟು ಸಂಸ್ಥೆಗಳಿಂದ ಬರುತ್ತದೆ. ಪ್ರತಿ ಅಂಕಣದಲ್ಲಿ ಎಷ್ಟು ಸಲ ದೋಷ ಬಂತು ಎಂಬ ದಾಖಲೆ ಇಲಾಖೆಗೇ ಸಿಗಬೇಕು, ಸೂಚನೆಯ ಸಾಲುಗಳನ್ನು ಇಲಾಖೆಯವರೇ ತಿದ್ದುವಂತಿರಬೇಕು. ಇವೆರಡನ್ನೂ ಕಾರ್ಯಾದೇಶದಲ್ಲಿ ಸೇರಿಸಿ. ಆಡಿಟ್ ವರದಿಯ ವರ್ಷ ಬದಲಿಸಲು ಪ್ರತಿ ಜೂನ್‌ನಲ್ಲೂ ಗುತ್ತಿಗೆದಾರರಿಗೆ ಪತ್ರ ಬರೆದು ಕಾಯುವಂತಾಗಬಾರದು.